ನೆಗೆಣ್ಣಿ ಕಾಯಿದೆ

ಗುಳೇದಗುಡ್ಡ,
ಕಟ್ಟೆ ಶಕೆ ನೂರಾ ಹನ್ನೆರಡು, ಹಿಂಗಾರು ತಿಂಗಳ ಮೂವತ್ತೈದನೇ ದಿನ

ಎಂದೋ ಆಗಿಹೋದ ಹಿರಿಯರಿಗೆ, ನಿಮ್ಮ ಲೆಕ್ಕದಲ್ಲಿ ಇನ್ನೂ ಹುಟ್ಟದ ಗುರಸಿದ್ದವ್ವ ಬರಗುಂಡಿಯ ಶರಣು.

ತಾರೀಕು ನೋಡಿದವರೇ ಕಾಗದವನ್ನು ಮಡಚಿ ಇಟ್ಟುಬಿಡಬೇಡಿ. ನಮ್ಮಲ್ಲಿ ವರ್ಷಕ್ಕೆ ಹತ್ತೇ ತಿಂಗಳು, ತಿಂಗಳಿಗೆ ಮೂವತ್ತಾರು ದಿನ. ಮಿಕ್ಕ ಐದಾರು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ಹಾಗೇ ಬಿಟ್ಟಿದ್ದೇವೆ, ನೆಂಟರ ಮನೆಗೆ ಹೋಗಿಬರಲು ಬೇಕಾಗುತ್ತವೆ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿದರೆ ಅದಕ್ಕೂ ಮೊದಲೇ ಕ್ಷಮೆ ಬೇಡುತ್ತೇನೆ. ನಿಮ್ಮ ಕಾಲದ ಬರವಣಿಗೆಯ ಕನ್ನಡವನ್ನು ಈ ಕಾಗದಕ್ಕಾಗಿಯೇ ಕಲಿತೆ. ಕಲಿಸಿದ ಶಾಲೆಯ ಶಿಕ್ಷಕಿ ಬಾಯಿಯವರು ಓದಿ ನೋಡಿ, ತಪ್ಪೇನಿಲ್ಲ, ಖಾರ ಸ್ವಲ್ಪ ಮುಂದಾಗಿದೆ ಎಂದರು. ನಾನು ಖಾನಾವಳಿ ನಡೆಸುವವಳು. ಖಾರ ಕಡಿಮೆ ಮಾಡಿ ಅಭ್ಯಾಸವಿಲ್ಲ.

ಹಿಂದಿನ ಕಾಲಕ್ಕೆ ಕಾಗದ ಕಳಿಸುವ ಅಂಚೆ ನಮ್ಮಲ್ಲಿ ಈಗಷ್ಟೇ ಶುರುವಾಗಿದೆ. ಊರಿಗೆ ಒಂದೇ ಕಾಗದ ಎಂದು ನಿಯಮ. ಯಾರು ಬರೆಯಬೇಕೆಂದು ನಮ್ಮೂರಿನವರು ಸೇರಿ ಮಾತಾಡಿದಾಗ, ಗೆದ್ದವರು ಬರೆಯಲಿ ಎಂದು ತೀರ್ಮಾನವಾಯಿತು. ಏನು ಗೆದ್ದೆವೆಂದು ಮುಂದೆ ಹೇಳುತ್ತೇನೆ. ಗೆದ್ದವರು ಇಬ್ಬರು: ನಾನು ಮತ್ತು ನನ್ನ ನೆಗೆಣ್ಣಿ ಲಚಮವ್ವ. ನೆಗೆಣ್ಣಿ ಎಂದರೆ ನನ್ನ ಗಂಡನ ತಮ್ಮನ ಹೆಂಡತಿ. ನಿಮ್ಮಲ್ಲಿ ಕೆಲವರು ಓರಗಿತ್ತಿ ಅನ್ನುತ್ತೀರಂತೆ. ಅವಳಿಗೆ ಕೂತು ಬರೆಯುವ ತಾಳ್ಮೆಯಿಲ್ಲ, ನನಗೆ ಸುಮ್ಮನೆ ಕೂರುವ ತಾಳ್ಮೆಯಿಲ್ಲ. ಹೀಗಾಗಿ ಬರೆಯುವ ಪಾಳಿ ನನ್ನದಾಯಿತು.

ನಿಮ್ಮ ಕಾಲವನ್ನು ನಾವು ಶಾಲೆಯಲ್ಲಿ ಮೊಹರು ಯುಗ ಎಂದು ಓದುತ್ತೇವೆ. ಬೇಸರ ಮಾಡಿಕೊಳ್ಳಬೇಡಿ, ಹೆಸರಿಟ್ಟದ್ದು ನಾನಲ್ಲ. ಆಸ್ಪತ್ರೆಯ ಗೋಡೆಗೆ ಚೌಕಟ್ಟು ಹಾಕಿದ ಪರವಾನಗಿ, ಅದಕ್ಕೊಂದು ಮೊಹರು; ಅದಿದ್ದರೆ ಒಳಗೆ ನಡೆಯುವುದೆಲ್ಲ ಸರಿ ಎಂದು ನಂಬಿದ್ದಿರಂತೆ. ತಪಾಸಣೆಯ ಸಾಹೇಬರು ಬರುತ್ತಾರೆಂದರೆ ಹಿಂದಿನ ದಿನವೇ ಗೋಡೆಗೆ ಬಣ್ಣ, ಮಂಚಕ್ಕೆ ಹೊಸ ಚಾದರ. ಸಾಹೇಬರ ಗಾಡಿ ತಿರುವಿನಲ್ಲಿ ಮರೆಯಾದ ಕೂಡಲೇ ಚಾದರಗಳು ಮತ್ತೆ ಕಪಾಟಿಗೆ. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಚುಕ್ಕಿ ಯುಗ ಬಂತು. ಯಾವ ಆಸ್ಪತ್ರೆಯಲ್ಲಿ ಕಡಿಮೆ ಜನ ಸಾಯುತ್ತಾರೋ ಅದಕ್ಕೆ ಹೆಚ್ಚು ಚುಕ್ಕಿ. ಆಸ್ಪತ್ರೆಗಳು ಬಹಳ ಬೇಗ ಒಂದು ಉಪಾಯ ಕಂಡುಕೊಂಡವು: ಸಾಯುವ ಹಾಗಿದ್ದವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದವು. ಐದು ಚುಕ್ಕಿಯ ಆಸ್ಪತ್ರೆಯ ಕಾಂಪೌಂಡಿನ ಹೊರಗೆ ಜನ ಸತ್ತರು, ಒಳಗೆ ಯಾರೂ ಸಾಯಲಿಲ್ಲ. ಆ ಕಾಲದ ಪಾಠ ಓದುವಾಗ ನನಗೆ ಈಗಲೂ ಮೈ ಉರಿಯುತ್ತದೆ.

ಅದೆಲ್ಲ ಸಾಕಾಗಿ ಜನ ಕಟ್ಟೆ ಕಟ್ಟಿದರು. ನಮ್ಮ ಶಕೆ ಅಲ್ಲಿಂದ ಶುರು. ಕಟ್ಟೆ ಎಂದರೆ ಕಲ್ಲುಮಣ್ಣಿನದ್ದಲ್ಲ, ಜನರದ್ದು. ಒಂದು ಆಸ್ಪತ್ರೆಯಲ್ಲಿ ಹಿಂದಿನ ವರ್ಷ ಮಲಗಿ ಎದ್ದವರ ಹೆಸರುಗಳನ್ನೆಲ್ಲ ಕೊಡದಲ್ಲಿ ಹಾಕಿ, ಕೂಸಿನ ಕೈಯಿಂದ ಚೀಟಿ ಎತ್ತಿಸಿ, ಕೆಲವರನ್ನು ಆರಿಸುತ್ತೇವೆ. ಬರುವ ವರ್ಷ ಆ ಆಸ್ಪತ್ರೆಯ ಬಾಗಿಲು ತೆರೆದಿರಬೇಕೋ ಮುಚ್ಚಬೇಕೋ ಎಂದು ಹೇಳುವವರು ಇವರೇ. ಅಡುಗೆಮನೆಗೆ, ಔಷಧದ ಕೋಣೆಗೆ, ಬಚ್ಚಲಿಗೆ ಇವರು ಹೇಳದೆ ಕೇಳದೆ ನುಗ್ಗಬಹುದು, ಆದ್ದರಿಂದ ಬಣ್ಣ ಬಳಿಯಲು ಯಾರಿಗೂ ಪುರಸೊತ್ತು ಸಿಗುವುದಿಲ್ಲ. ಡಾಕ್ಟರು ತಮ್ಮ ಕೈಯಿಂದಾದ ತಪ್ಪನ್ನು ತಾವೇ ಕಟ್ಟೆಯ ಮುಂದೆ ಬಂದು ಹೇಳಿದರೆ ಶಿಕ್ಷೆಯಿಲ್ಲ. ಎಲ್ಲ ಆಸ್ಪತ್ರೆಗಳಿಗೂ ಆ ತಪ್ಪನ್ನು ಪಾಠವಾಗಿ ಕಳಿಸುತ್ತೇವೆ. ಮುಚ್ಚಿಟ್ಟರೆ ಮಾತ್ರ ಕ್ಷಮೆಯಿಲ್ಲ.

ಇನ್ನೊಂದು ಪದ್ಧತಿ ಸರದಿ ಹಾಸಿಗೆ. ಆಸ್ಪತ್ರೆಯ ಮೇಲೆ ಅಧಿಕಾರ ಇರುವವರು ಯಾರೇ ಆಗಲಿ, ದೊಡ್ಡ ಡಾಕ್ಟರಿರಲಿ ಮಂತ್ರಿಯಿರಲಿ ಔಷಧ ತಯಾರಿಸುವ ಕಂಪನಿಯ ಒಡೆಯರಿರಲಿ, ವರ್ಷಕ್ಕೊಮ್ಮೆ ಸಾಮಾನ್ಯ ವಾರ್ಡಿನಲ್ಲಿ ರೋಗಿಗಳ ನಡುವೆ ಮಲಗಿ, ಅಲ್ಲಿನ ಊಟ ಉಂಡು, ಅಲ್ಲಿನ ಪಾಯಖಾನೆಗೆ ಹೋಗಿ ಬರಬೇಕು. ಮಾಡಿದ್ದುಣ್ಣೋ ಮಹಾರಾಯ ಎಂದು ನಿಮ್ಮ ಕಾಲದಲ್ಲೂ ಗಾದೆ ಇತ್ತಲ್ಲ, ನಾವು ಅದನ್ನೇ ಕಾಯಿದೆ ಮಾಡಿದೆವು. ಒಬ್ಬ ಮಂತ್ರಿ ನಮ್ಮೂರಲ್ಲಿ ಮಲಗಿ ಹೋದ ವಾರವೇ ಎಲ್ಲ ಕಿಟಕಿಗಳಿಗೂ ಸೊಳ್ಳೆ ಪರದೆ ಬಂತು. ಮರುವರ್ಷ ಬಂದ ಮಂತ್ರಿಗೆ ಬೆನ್ನುನೋವು. ಈಗ ನಮ್ಮ ಆಸ್ಪತ್ರೆಯ ಗಾದಿಗಳ ಮೇಲೆ ಮಲಗಿದವರು ಎದ್ದು ಮನೆಗೆ ಹೋಗಲು ಒಲ್ಲೆ ಅನ್ನುತ್ತಾರೆ. ಆಸ್ಪತ್ರೆಯ ಅಡುಗೆಯನ್ನು ನನ್ನ ಖಾನಾವಳಿಯಿಂದಲೇ ತರಿಸಿಕೊಳ್ಳಲು ಶುರುಮಾಡಿದ್ದೂ ಇಂಥದ್ದೇ ಒಂದು ಸರದಿಯ ನಂತರ. ಜೋಳದ ನುಚ್ಚು, ತೆಳ್ಳಗಿನ ಸಾರು, ಬಾಣಂತಿಯರಿಗೆ ಬೇರೆ.

ಇಷ್ಟಿದ್ದರೂ ಇವೆಲ್ಲಕ್ಕೂ ಜೀವಾಳ ಮರುಮಾತು. ಇದನ್ನು ನೀವು ಸರಿಯಾಗಿ ತಿಳಿದುಕೊಳ್ಳಬೇಕು, ನನ್ನ ಕತೆಯೆಲ್ಲ ಇದರ ಮೇಲೆಯೇ ನಿಂತಿದೆ. ಯಾರಿಗಾದರೂ ಕತ್ತರಿ ಹಾಕುವ ಮೊದಲು, ವರ್ಷಗಟ್ಟಲೆ ನುಂಗುವ ಔಷಧ ಕೊಡುವ ಮೊದಲು, ಡಾಕ್ಟರು ವಿವರಿಸಬೇಕು. ಆಮೇಲೆ ರೋಗಿ ಅದನ್ನು ಕಟ್ಟೆಯವರೊಬ್ಬರ ಮುಂದೆ ತನ್ನದೇ ಮಾತಿನಲ್ಲಿ ತಿರುಗಿ ಹೇಳಬೇಕು: ನನಗೆ ಏನಾಗಿದೆ, ಏನು ಮಾಡುತ್ತಾರೆ, ಯಾಕೆ ಮಾಡುತ್ತಾರೆ. ಹೇಳಲು ಬರದಿದ್ದರೆ ನಪಾಸಾಗುವುದು ರೋಗಿಯಲ್ಲ, ಡಾಕ್ಟರು. ಅವರು ಮತ್ತೆ ಮೊದಲಿನಿಂದ ವಿವರಿಸಬೇಕು. ರಕ್ತ ಸುರಿಯುತ್ತಾ ಬಂದವರನ್ನು ನಿಲ್ಲಿಸಿ ಮರುಮಾತು ಕೇಳುವಷ್ಟು ಮೂರ್ಖರು ನಾವಲ್ಲ. ಅಂಥವರಿಗೆ ಮೊದಲು ಚಿಕಿತ್ಸೆ, ಎಚ್ಚರವಾದ ಮೇಲೆ ಮಾತು. ಉಳಿದವರಿಗೆ ಮರುಮಾತಿಲ್ಲದೆ ಒಂದು ಸೂಜಿಯೂ ಚುಚ್ಚುವ ಹಾಗಿಲ್ಲ. ನಿಮ್ಮ ಕಾಲದ ಒಪ್ಪಿಗೆ ಪತ್ರದ ಸಹಿಯ ಜಾಗದಲ್ಲಿ ನಾವು ಇಟ್ಟದ್ದು ಇದನ್ನು.

ಇಷ್ಟು ಒಳ್ಳೆಯ ಕಾಯಿದೆಯನ್ನು ನಮ್ಮೂರು ಹೇಗೆ ಹಾಳುಮಾಡಿತು ಎಂದು ಈಗ ಹೇಳುತ್ತೇನೆ. ನಮ್ಮ ಜನಕ್ಕೆ ಮರ್ಯಾದೆ ಜಾಸ್ತಿ. ಬಿಳಿ ಕೋಟಿನ ಡಾಕ್ಟರು ಎರಡನೇ ಸಲ ವಿವರಿಸುವ ಹಾಗಾದರೆ, ಅಯ್ಯೋ ದೊಡ್ಡವರಿಗೆ ತ್ರಾಸು ಕೊಟ್ಟೆವಲ್ಲ ಎಂದು ರೋಗಿಗೇ ನಾಚಿಕೆ. ಡಾಕ್ಟರನ್ನು ನಪಾಸು ಮಾಡಿ ಮನೆಗೆ ಹೋದರೆ ಮನೆಯವರು ಬೈಯುತ್ತಿದ್ದರು. ಆಗ ಬಸ್‌ಸ್ಟ್ಯಾಂಡಿನ ಹತ್ತಿರ ಫಕೀರಪ್ಪ ಮಾಸ್ತರ ಎಂಬವರು ಮರುಮಾತಿನ ಪಾಠಶಾಲೆ ತೆರೆದರು. ಯಾವ ಆಪರೇಷನ್ನಿಗೆ ಯಾವ ಮರುಮಾತು ಎಂದು ಗೀಗೀ ಪದದ ಧಾಟಿಯಲ್ಲಿ ಕಟ್ಟಿ ಕಲಿಸುತ್ತಿದ್ದರು. ಮಾಸ್ತರರು ಕೆಟ್ಟವರೇನಲ್ಲ, ದನಿ ಬಹಳ ಚೆಂದ. ಹರ್ನಿಯಾದ ಪದವನ್ನು ಹೆಂಗಸರು ರೊಟ್ಟಿ ಬಡಿಯುವಾಗ ಹಾಡತೊಡಗಿದರು. ಕಣ್ಣಿನ ಪೊರೆಯ ಪದಕ್ಕೆ ಹುಡುಗರು ಕುಣಿದರು. ಗುಳೇದಗುಡ್ಡದಲ್ಲಿ ಪ್ರತಿಯೊಬ್ಬ ರೋಗಿಯೂ ಒಂದೇ ಸಲಕ್ಕೆ ಪಾಸು! ಇಡೀ ನಾಡಿನಲ್ಲಿ ನಾವೇ ಮೊದಲು ಎಂದು ಊರ ಬಾಗಿಲಿಗೆ ತೋರಣ ಕಟ್ಟಿಕೊಂಡೆವು.

ರಾಜಧಾನಿಯವರು ಇಂಥದ್ದಕ್ಕೇ ಕಾಯುತ್ತಿದ್ದರು. ಅಲ್ಲಿ ತಕ್ಕಡಿ ಎಂಬ ಯಂತ್ರವಿದೆ. ನಾಡಿನ ಎಲ್ಲ ಆಸ್ಪತ್ರೆಗಳ ಸಂಗತಿ ಅದರೊಳಗೆ ಹೋಗುತ್ತದೆ, ಯಾರಿಗೆ ಯಾವ ಚಿಕಿತ್ಸೆ ಎಂದು ಅದು ತೂಗಿ ಹೇಳುತ್ತದೆ. ಸಲಹೆ ಕೊಡುವುದಷ್ಟೇ ಅದರ ಕೆಲಸವಾಗಿತ್ತು. ಈಗ ಅದಕ್ಕೇ ಪೂರ್ತಿ ಅಧಿಕಾರ ಕೊಟ್ಟು, ಕಟ್ಟೆ ಮತ್ತು ಮರುಮಾತು ಎರಡನ್ನೂ ರದ್ದು ಮಾಡಬೇಕೆಂದು ಆರೋಗ್ಯ ಖಾತೆ ಹೊರಟಿತು. ಮರುಮಾತು ಬರೀ ಗಿಣಿಪಾಠವಾಗಿದೆ, ಗುಳೇದಗುಡ್ಡವೇ ಸಾಕ್ಷಿ ಎಂದಿತು. ನೆಗಡಿ ಆಯಿತೆಂದು ಮೂಗು ಕೊಯ್ದುಕೊಳ್ಳುವ ಯೋಜನೆ ಅದು, ಆದರೆ ನೆಗಡಿ ನಮಗೇ ಆಗಿದ್ದರಿಂದ ಮಾತಾಡಲು ಬಾಯಿರಲಿಲ್ಲ. ಖಾತೆಯ ದೊಡ್ಡ ಸಾಹೇಬರು ನಮ್ಮೂರಿಗೇ ಬಂದು, ಊರವರ ಎದುರು ಒಂದು ಮರುಮಾತನ್ನು ಕಣ್ಣಾರೆ ನೋಡಿ ತೀರ್ಮಾನಿಸುವುದೆಂದಾಯಿತು. ನಾವು ಸೋತರೆ ನಾಡಿನಲ್ಲೆಲ್ಲ ಸೋತಂತೆ.

ಆ ದಿನ ಮರುಮಾತು ಹೇಳುವ ಸರದಿ ಬಂದದ್ದು ಲಚಮವ್ವನಿಗೆ. ಅವಳಿಗೆ ತಿಂಗಳುಗಟ್ಟಲೆ ರಕ್ತಸ್ರಾವ. ಗರ್ಭಕೋಶದಲ್ಲಿ ಗಂಟುಗಳಿವೆ, ಗರ್ಭಕೋಶ ತೆಗೆಯುವುದು ಎಂದು ನಿಶ್ಚಯವಾಗಿತ್ತು. ಮುಖ ಅರಿಸಿನದ ಹಾಗೆ ಆಗಿತ್ತು, ಮಗ್ಗದ ಮುಂದೆ ಕೂತರೆ ಕುಪ್ಪಸದ ಖಣ ಒಂದು ಗೇಣು ನೇಯುವಷ್ಟರಲ್ಲಿ ಸುಸ್ತು. ಇದೆಲ್ಲ ನನಗೆ ಊರವರಿಂದ ತಿಳಿದದ್ದು. ಯಾಕೆಂದರೆ ಅವಳೂ ನಾನೂ ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ನನ್ನ ಮಗಳ ನಿಶ್ಚಿತಾರ್ಥದಲ್ಲಿ ಬೀಗರ ಪಂಕ್ತಿಯ ನಡುವೆ ನಿಂತು, ಎಣ್ಣೆಗಾಯಿಗೆ ಉಪ್ಪು ಹೆಚ್ಚಾಗಿದೆ ಎಂದವಳು ಅವಳು. ಖಾನಾವಳಿಯವಳಿಗೆ ಆ ಮಾತು! ಎದುರಿಗೆ ಸಿಕ್ಕರೆ ಅವಳು ಆ ಓಣಿ, ನಾನು ಈ ಓಣಿ.

ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಪಿತ್ತಕೋಶದ ಕಲ್ಲು ತೆಗೆಸಿಕೊಂಡಿದ್ದ ನನ್ನ ಹೆಸರು ಆ ವರ್ಷ ಕೊಡದಿಂದ ಎದ್ದು, ನಾನು ಕಟ್ಟೆಯಲ್ಲಿದ್ದೆ. ಅಂದಿನ ಮರುಮಾತು ಕೇಳುವ ಪಾಳಿ ನನ್ನದೇ. ಮನೆಯ ರಕ್ತಸಂಬಂಧಿಗಳು ಕೇಳಬಾರದು ಎಂದು ಕಾಯಿದೆಯಲ್ಲಿತ್ತು, ನೆಗೆಣ್ಣಿ ರಕ್ತಸಂಬಂಧಿಯಲ್ಲವಲ್ಲ. ಕಟ್ಟೆಯ ಹಿರಿಯರು ಬೆಳಿಗ್ಗೆಯೇ ಬಂದು ನನಗೆ ಕೈಮುಗಿದರು. "ಗುರಸಿದ್ದವ್ವಾ, ಇವತ್ತೊಂದಿನ ಬಾಯಿ ಸಡಲ ಬಿಡಬ್ಯಾಡ. ಆಕಿ ಹೇಳ್ತಾಳ, ನೀ ಹೂಂ ಅನ್ನು, ಮುಗೀತು" ಎಂದರು. ಹೂಂ ಅಂದುಬಿಡುತ್ತೇನೆ ಎಂದು ಒಪ್ಪಿದ್ದೆ.

ಸಾಹೇಬರ ಹೆಸರು ಚಿಕ್ಕಲಿಂಗಯ್ಯ, ಮಂಡ್ಯದ ಕಡೆಯವರು, ಮೃದು ಸ್ವಭಾವ. ಮಧ್ಯಾಹ್ನ ನನ್ನ ಖಾನಾವಳಿಯಲ್ಲೇ ಉಂಡು, ರೊಟ್ಟಿಯನ್ನು ಹೊಗಳಿ, ಡಬ್ಬಿಯಿಂದ ಒಂದು ಮುಷ್ಟಿ ಮಾತ್ರೆ ತೆಗೆದು ನುಂಗಿದರು. ಆಮೇಲೆ ಆಸ್ಪತ್ರೆಯ ಅಂಗಳಕ್ಕೆ ಬಂದು ಕುರ್ಚಿಯಲ್ಲಿ ಕೂತರು. ಊರೆಲ್ಲ ಅಲ್ಲಿತ್ತು. ಆಪರೇಷನ್ ಮಾಡಬೇಕಾದ ಡಾಕ್ಟರ್ ಶಹನಾಜ್ ನದಾಫ ಮೆಟ್ಟಿಲ ಮೇಲೆ ನಿಂತಿದ್ದರು. ಕೈಗುಣ ಒಳ್ಳೆಯದು, ಮಾತು ಸ್ವಲ್ಪ ವೇಗ. ನನ್ನ ಕಲ್ಲು ತೆಗೆದವರೂ ಅವರೇ.

ಲಚಮವ್ವ ಎದ್ದು ನಿಂತು, ನನ್ನ ಮುಖ ನೋಡದೆ, ಮಾಸ್ತರರ ಪದ ಶುರುಮಾಡಿದಳು:

"ಹೊಟ್ಟಿಯ ಒಳಗ ಚೀಲೈತಿ ಗುರುವೆ, ಚೀಲದ ಒಳಗ ಗಂಟೈತಿ, ಜೀ ಜೀ,
ಗಂಟಿನ ಕೂಡ ಚೀಲಾನ ತೆಗೆದರ ಜೀವಕ ಮುಂದ ಸುಖ ಐತಿ, ಜೀ ಜೀ."

ಜನ ತಲೆದೂಗಿದರು. ನಾನು ಹೂಂ ಅನ್ನಬೇಕಿತ್ತು, ಬಾಯಿ ತೆರೆದೆ ಕೂಡ. ಆದರೆ ಅವಳ ಮುಖ ನೋಡಿದೆ. ಅಷ್ಟು ವರ್ಷಗಳಲ್ಲಿ ಅವಳನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಹಬ್ಬಕ್ಕೆ ಹೋಳಿಗೆ ಲಟ್ಟಿಸುವಾಗ ನನ್ನ ಪಕ್ಕ ಕೂತು ನಗುತ್ತಿದ್ದ ಹೆಂಗಸು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಹಿಂಡುತ್ತಿದ್ದಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೂ ಹೇಳಲಾರೆ.

"ಏ ಲಚಮವ್ವಾ, ಪದಾ ಸಾಕ ಮಾಡು. ಚೀಲಾ ತೆಗೀದಿದ್ರ ಏನಾಗ್ತೈತಿ?" ಎಂದೆ.

ಪದದಲ್ಲಿ ಆ ಸಾಲೇ ಇರಲಿಲ್ಲ. ಅವಳು ಮಾಸ್ತರರ ಕಡೆ ನೋಡಿದಳು, ಮಾಸ್ತರರು ತಮ್ಮ ಚಪ್ಪಲಿಯ ಕಡೆ ನೋಡಿದರು. ಆಗ ಅವಳಿಗೆ ರೋಷ ಉಕ್ಕಿತು.

"ನಿನಗ್ಯಾಕ ಬೇಕ ಅದು? ನನ್ನ ಹೊಟ್ಟಿ, ನನ್ನ ಚೀಲ."

"ಅದಕ್ಕ ಕೇಳಾಕ್ಹತ್ತೇನಿ. ನಿನ್ನ ಹೊಟ್ಟಿ ಅಂದಮ್ಯಾಲೆ ನಿನಗ ಗೊತ್ತಿರಬೇಕಲ್ಲ."

ಬೇರೆ ಯಾರಾದರೂ ಆಗಿದ್ದರೆ ಅವಳು ನಕ್ಕು, ತಲೆಬಾಗಿಸಿ, ತಿಳೀತ್ರಿ ಎಂದು ಜಾರಿಕೊಳ್ಳುತ್ತಿದ್ದಳು. ನನ್ನ ಮುಂದೆ ಅವಳಿಗೆ ಆ ಮರ್ಯಾದೆಯ ಅಗತ್ಯವೇ ಇರಲಿಲ್ಲ. ಇದ್ದದ್ದು ಇದ್ದ ಹಾಗೆ ಬಾಯಿಗೆ ಬಂತು.

"ಗೊತ್ತಿಲ್ಲಕ್ಕಾ" ಎಂದಳು. "ನನಗೇನೂ ಗೊತ್ತಿಲ್ಲ. ಡಾಕ್ಟರಬಾಯಾರು ಏನೋ ಹೇಳಿದ್ರು, ನಾ ನೀವು ಹೇಳ್ದಂಗ್ರಿ ಅಂದೆ. ಅವರಿಗೆ ಎಷ್ಟ ಮಂದಿ ನೋಡೂದಿರ್ತೈತಿ, ಅದರಾಗ ನಾ ಏನ್ ಕೇಳ್ಲಿ? ಗಂಟು ಅಂದ್ರು, ಅಲ್ಲಿಗೆ ನನ್ನ ಕಿವಿನ ಮುಚ್ಚಿಹೋದುವು. ಸಾಯೂ ಜಡ್ಡು ಬಂದೈತಿ, ಇನ್ಯಾಕ ಕೇಳೂದು ಅಂತ ಸುಮ್ಮನಾದೆ." ಎಂದವಳೇ ಅಳತೊಡಗಿದಳು. ಅಕ್ಕಾ ಎಂದು ಅವಳು ನನ್ನನ್ನು ಕರೆದದ್ದು ಎಣ್ಣೆಗಾಯಿಯ ಜಗಳದ ನಂತರ ಅದೇ ಮೊದಲು.

ಚಿಕ್ಕಲಿಂಗಯ್ಯನವರು ನಿಟ್ಟುಸಿರು ಬಿಟ್ಟರು. "ನೋಡಿದ್ರಲ್ಲಾ? ಪಾಪ, ಈ ಹೆಣ್ಮಗಳಿಗೆ ಯಾಕಿಷ್ಟು ಹಿಂಸೆ ಕೊಡ್ತೀರಿ? ಏನು ಮಾಡ್ಬೇಕೋ ಅದನ್ನ ತಕ್ಕಡಿ ನೋಡ್ಕೊಳ್ಳುತ್ತೆ. ಇವ್ರು ನೆಮ್ಮದಿಯಾಗಿ ಮಲಗಿದ್ರೆ ಸಾಕು" ಎಂದು ಎದ್ದು ನಿಂತರು. ಜನ ನನ್ನ ಕಡೆ ತಿರುಗಿದರು. ಇವಳೊಬ್ಬಳಿಗೆ ಬಾಯಿ ಮುಚ್ಚಿಕೊಂಡಿರಲು ಬರಲಿಲ್ಲ, ಎಲ್ಲ ಮುಳುಗಿಸಿದಳು ಎಂದು ಹಿಂದಿನಿಂದ ಯಾರೋ ಅಂದದ್ದು ಕೇಳಿಸಿತು. ಕಟ್ಟೆಯ ಹಿರಿಯರು ಪೇಟ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತುಬಿಟ್ಟರು.

ಆಗ ಡಾಕ್ಟರ್ ನದಾಫ ಮೆಟ್ಟಿಲಿಳಿದು ಬಂದರು. ಸಾಹೇಬರನ್ನು ದಾಟಿ, ಬಂದು ಲಚಮವ್ವನ ಪಕ್ಕ ನೆಲದ ಮೇಲೆ ಕೂತರು.

"ಅಳಬ್ಯಾಡ್ರಿ ಲಚಮವ್ವಾ. ಇದರಾಗ ನಿಮ್ಮ ತಪ್ಪಿಲ್ಲ, ಕಾಯಿದೆ ಪ್ರಕಾರ ನಪಾಸಾದಾಕಿ ನಾನು. ಸಾಹೇಬರ, ಸ್ವಲ್ಪ ಕೂಡ್ರಿ. ನಾನಿನ್ನೂ ಎರಡನೇ ಸಲ ಹೇಳಿಲ್ಲ" ಎಂದರು. ಸಾಹೇಬರು ಕೂತರು.

"ಮೊದ್ಲ ಇದನ್ನ ಕೇಳ್ರಿ. ಪರೀಕ್ಷಾ ಮಾಡೀವಿ. ಅವು ಕೆಟ್ಟ ಗಂಟಲ್ಲ" ಎಂದು ಡಾಕ್ಟರು ಲಚಮವ್ವನಿಗೆ ಹೇಳಿದರು.

ಲಚಮವ್ವ ತಲೆಯೆತ್ತಿದಳು. "ಅಂದ್ರ? ನಾ ಸಾಯಂಗಿಲ್ಲೇನ್ರಿ?"

"ಇದರಿಂದ ಸಾಯಂಗಿಲ್ಲ. ರಕ್ತಾ ಹೋಗಿ ಹೋಗಿ ಅಶಕ್ತರಾಗೀರಿ, ಅದನ್ನ ಮಾತ್ರ ಬಿಡಾಕ ಬರೂದಿಲ್ಲ."

ಅಂಗಳದಲ್ಲಿದ್ದ ಹೆಂಗಸರೆಲ್ಲ ಒಮ್ಮೆಲೇ ಉಸಿರು ಬಿಟ್ಟರು. ಯೋಚಿಸಿ ನೋಡಿ, ಎಷ್ಟು ದಿನ ಆ ಹೆಂಗಸು ತನ್ನ ಸಾವನ್ನು ಮಡಿಲಲ್ಲಿ ಕಟ್ಟಿಕೊಂಡು ಓಡಾಡಿದ್ದಳೋ. ಮೊದಲ ದಿನವೇ ಡಾಕ್ಟರು ಹೇಳಿದ್ದ ಮಾತು ಅದು. ಅವಳ ಕಿವಿಗೆ ಬಿದ್ದಿರಲಿಲ್ಲ, ಬಿದ್ದಿಲ್ಲ ಎಂದು ಯಾರಿಗೂ ಗೊತ್ತಾಗಿರಲಿಲ್ಲ.

ಆಮೇಲೆ ಡಾಕ್ಟರು ಹೇಳುವುದು, ನಾನು ನಡುವೆ ಬಾಯಿ ಹಾಕುವುದು, ಲಚಮವ್ವ ನನ್ನನ್ನು ಬೈದು ತಾನೇ ಕೇಳುವುದು, ಹೀಗೆ ನಡೆಯಿತು. ದಾರಿ ಎರಡಿದ್ದವಂತೆ. ಒಂದು, ಗರ್ಭಕೋಶ ತೆಗೆಯುವುದು. ಕೆಲಸ ಒಮ್ಮೆಗೇ ಮುಗಿಯುತ್ತದೆ, ಆದರೆ ತೆಗೆದದ್ದು ಮರಳಿ ಬರುವುದಿಲ್ಲ, ಚೇತರಿಸಿಕೊಳ್ಳಲು ಸಮಯ ಬೇಕು. ಇನ್ನೊಂದು, ರಕ್ತ ನಿಲ್ಲುವ ಗುಳಿಗೆ, ರಕ್ತ ತುಂಬುವ ಔಷಧ, ಕರೆದಾಗ ಬಂದು ತೋರಿಸುವುದು. ಗಂಟು ಸಣ್ಣವು, ಮುಟ್ಟು ನಿಲ್ಲುವ ವಯಸ್ಸು ಹತ್ತಿರ, ಆಗ ಅವು ತಾವೇ ಸುಮ್ಮನಾಗಬಹುದು, ಆಗದೆಯೂ ಇರಬಹುದು. ಡಾಕ್ಟರು, ಎರಡನ್ನೂ ಹೇಳಿದ್ದೆ, ಲಚಮವ್ವನವರು ನೀವು ಹೇಳಿದ ಹಾಗೆ ಎಂದಾಗ ತೆಗೆಸಲು ಒಪ್ಪಿದರೆಂದು ತಿಳಿದೆ ಎಂದರು. ಲಚಮವ್ವನ ವಿನಯ, ಡಾಕ್ಟರ ಅವಸರ, ಇದರ ನಡುವೆ ಎರಡನೇ ದಾರಿ ಕಳೆದೇ ಹೋಗಿತ್ತು. ಮಾಸ್ತರರಿಗೆ ಸಿಕ್ಕದ್ದು ಒಂದೇ ದಾರಿ, ಪದ ಕಟ್ಟಿದ್ದೂ ಅದಕ್ಕೇ.

ಕಡೆಗೆ ಲಚಮವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತಳು. ಈ ಸಲ ಹಾಡಲಿಲ್ಲ.

"ನನ್ನ ಗಂಟು ಕೆಟ್ಟದ್ದಲ್ಲ. ಆದ್ರ ರಕ್ತಾ ಹೋಗೂದು ನಿಲ್ಲಬೇಕು, ಇಲ್ಲಂದ್ರ ನಾ ಕೂತಲ್ಲೇ ಬೀಳ್ತೀನಿ. ಮೊದ್ಲ ಗುಳಿಗಿ ತಗೊಂಡ ನೋಡ್ತೀನಿ. ತೋರಿಸಾಕ ತಪ್ಪಸಂಗಿಲ್ಲ. ಬಗೀಹರೀದಿದ್ರ, ತೆಗೀರಿ ಅಂತ ನಾನ ಬಂದ ಹೇಳ್ತೀನಿ. ನಾನ ಹೇಳ್ತೀನಿ, ಮತ್ತ್ಯಾರೂ ಅಲ್ಲ."

ನಾನು ಹೂಂ ಎಂದೆ. ಅಷ್ಟು ದೊಡ್ಡ ಹೂಂ ನಾನು ನನ್ನ ಮದುವೆಯಲ್ಲೂ ಅಂದಿರಲಿಲ್ಲ.

ಜನ ಚಪ್ಪಾಳೆ ಹೊಡೆಯಬೇಕೋ ಬೇಡವೋ ಎಂದು ಸಾಹೇಬರ ಮುಖ ನೋಡುತ್ತಿದ್ದರು. ಚಿಕ್ಕಲಿಂಗಯ್ಯನವರು ಜೇಬಿಗೆ ಕೈಹಾಕಿ, ಮಧ್ಯಾಹ್ನದ ಆ ಡಬ್ಬಿಯನ್ನು ತೆಗೆದು, ಮಕ್ಕಳ ಹಾಗೆ ಅಂಗೈಯಲ್ಲಿ ಹಿಡಿದು ಡಾಕ್ಟರ ಮುಂದೆ ಚಾಚಿದರು. "ಡಾಕ್ಟ್ರೇ, ಇವನ್ನ ನಂಗೆ ತಕ್ಕಡಿ ಕೊಟ್ಟಿದ್ದು. ವರ್ಷಾನುಗಟ್ಟಲೆ ತಗೋತಾ ಇದ್ದೀನಿ. ದೊಡ್ಡ ಸಾಹೇಬ್ರು ಅಂತ ನನ್ ಹತ್ರ ಯಾರೂ ಮರುಮಾತು ಕೇಳ್ಲಿಲ್ಲ. ಈ ಮೂರನೇದು ಯಾಕೆ ಅಂತ ಸ್ವಲ್ಪ ಹೇಳ್ತೀರಾ?"

ಡಾಕ್ಟರು ನೋಡಿದರು. ಎರಡನೆಯದು ರಕ್ತದೊತ್ತಡಕ್ಕೆ, ಕೆಲವರಿಗೆ ಅದರಿಂದ ಒಣಕೆಮ್ಮು ಬರುತ್ತದೆ, ಮೂರನೆಯದು ಆ ಕೆಮ್ಮಿಗೆ ಎಂದರು. ನಾಲ್ಕನೆಯದು? ಮೂರನೆಯದರಿಂದ ಮಲಬದ್ಧತೆ, ಅದಕ್ಕೆ ನಾಲ್ಕನೆಯದು. ತಕ್ಕಡಿ ಪ್ರತಿಯೊಂದನ್ನೂ ಸರಿಯಾಗಿಯೇ ತೂಗಿತ್ತು. ಇದು ಯಾಕೆ ಎಂದು ಅದನ್ನು ಯಾರೂ ಕೇಳಿರಲಿಲ್ಲ, ಅಷ್ಟೇ. "ತಾವ ಬಿಟ್ಟುಬಿಡಬ್ಯಾಡ್ರಿ ಮತ್ತ, ನಿಮ್ಮ ಡಾಕ್ಟರನ್ನ ಕೇಳಿ ಬದಲಿ ಮಾಡಿಸಿಕೊಳ್ರಿ" ಎಂದು ಡಾಕ್ಟರು ಹೇಳುವಷ್ಟರಲ್ಲಿ ಅಂಗಳ ನಗೆಯಿಂದ ತುಂಬಿಹೋಗಿತ್ತು. ಸಾಹೇಬರೂ ನಕ್ಕರು. ನಗುತ್ತ ನಗುತ್ತ ಅವರಿಗೆ ಕೆಮ್ಮು ಬಂತು, ಅದಕ್ಕೆ ಜನ ಇನ್ನೂ ಜೋರಾಗಿ ನಕ್ಕರು.

ಗೆದ್ದೆವು ಹಿರಿಯರೇ, ಗೆದ್ದೆವು! ಕಟ್ಟೆ ಉಳಿಯಿತು, ಮರುಮಾತು ಉಳಿಯಿತು, ತಕ್ಕಡಿ ಸಲಹೆ ಕೊಡುವ ತನ್ನ ಜಾಗಕ್ಕೆ ಮರಳಿತು. ಅಷ್ಟೇ ಅಲ್ಲ, ಚಿಕ್ಕಲಿಂಗಯ್ಯನವರು ರಾಜಧಾನಿಗೆ ಹೋಗಿ ಕಾಯಿದೆಗೆ ಒಂದು ತಿದ್ದುಪಡಿ ತಂದರು: ಮರುಮಾತು ಕೇಳುವವರು ರೋಗಿಯ ಮುಲಾಜಿಗೆ ಬೀಳುವವರಾಗಿರಬಾರದು; ಸಾಧ್ಯವಾದರೆ ರೋಗಿಯೊಂದಿಗೆ ಮುನಿಸು ಇದ್ದವರೇ ಆಗಿರಬೇಕು; ಪಾಠದಲ್ಲಿಲ್ಲದ ಒಂದು ಪ್ರಶ್ನೆಯನ್ನಾದರೂ ಕೇಳಬೇಕು. ಸರಕಾರದ ಹೊತ್ತಗೆಗಳಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ. ಜನ ಕರೆಯುವುದು ನೆಗೆಣ್ಣಿ ಕಾಯಿದೆ ಎಂದೇ. ಈಗ ಬೀದರದಿಂದ ಚಾಮರಾಜನಗರದವರೆಗೆ ಆಸ್ಪತ್ರೆಗೆ ಹೊರಟವರು ಮೊದಲು ಯೋಚಿಸುವುದು, ನನಗೆ ಯಾರ ಮೇಲೆ ಸಿಟ್ಟಿದೆ ಎಂದು. ಬೆಳಗಾವಿಯ ಒಬ್ಬ ಸಾಧು ಮನುಷ್ಯರಿಗೆ ಇಡೀ ಊರಿನಲ್ಲಿ ಒಬ್ಬ ವೈರಿಯೂ ಸಿಗದೆ, ಪಕ್ಕದ ಓಣಿಯವರ ವೈರಿಯನ್ನು ಎರವಲು ತಂದರಂತೆ. ಎಷ್ಟೋ ಮನೆಗಳ ಹಳೆಯ ಜಗಳಗಳು ಆಸ್ಪತ್ರೆಯ ಅಂಗಳದಲ್ಲೇ ಬಗೆಹರಿದಿವೆ, ಆಮೇಲೆ ಮುಂದಿನ ಸಲಕ್ಕೆ ಹೊಸ ವೈರಿ ಹುಡುಕುವ ಕಷ್ಟ ಬೇರೆ. ಫಕೀರಪ್ಪ ಮಾಸ್ತರರು ಈಗಲೂ ಪದ ಕಟ್ಟುತ್ತಾರೆ, ಆದರೆ ಪ್ರಶ್ನೆಗಳದ್ದು ಮಾತ್ರ. ಕತ್ತರಿ ಬೇಕಿಲ್ಲದವರು ಕತ್ತರಿಯಿಲ್ಲದೆ ಮನೆಗೆ ಹೋಗುತ್ತಿದ್ದಾರೆ. ಬೇಕಾದವರು ಹೆದರಿಕೆಯಿಲ್ಲದೆ ಒಳಗೆ ಹೋಗುತ್ತಿದ್ದಾರೆ, ಇದನ್ನು ನಾನು ಅದಕ್ಕಿಂತ ದೊಡ್ಡ ಗೆಲುವೆಂದು ತಿಳಿಯುತ್ತೇನೆ.

ಲಚಮವ್ವನ ರಕ್ತ ಹತೋಟಿಗೆ ಬಂದಿದೆ. ಮುಖಕ್ಕೆ ಕಳೆ ಬಂದಿದೆ, ಮಗ್ಗದ ಸದ್ದು ನಮ್ಮ ಮನೆಯವರೆಗೂ ಕೇಳಿಸುತ್ತದೆ. ಮುಂದೆ ಅವಳಿಗೆ ಆಪರೇಷನ್ ಬೇಕಾಗಲೂಬಹುದು. ಬೇಕಾದರೆ ಅವಳೇ ಹೋಗಿ ಹೇಳುತ್ತಾಳೆ.

ಇನ್ನು ನನ್ನ ಬೇಡಿಕೆ. ಗೆದ್ದ ಸಂತೋಷ ಹಂಚಿಕೊಳ್ಳಲು ಮಾತ್ರ ನಾನು ನಿಮ್ಮ ಕನ್ನಡ ಕಲಿಯಲಿಲ್ಲ. ನಿಮ್ಮ ಕಾಲದ ಹೆಂಗಸರ ಬಗ್ಗೆ ನಾವು ಓದಿದ್ದೇವೆ. ಗರ್ಭಕೋಶ ಕೆಟ್ಟಿದೆ, ಇಟ್ಟುಕೊಂಡರೆ ಸಾಯುತ್ತೀ ಎಂದು ಯಾರೋ ಅಂದರೆ, ಮೂವತ್ತು ತುಂಬದವರೂ ಸುಮ್ಮನೆ ಹೋಗಿ ಮಲಗಿದರಂತೆ. ಅವರಿಗೆ ಕಟ್ಟೆಯಿರಲಿಲ್ಲ, ಕಾಯಿದೆ ಇದ್ದರೂ ಅವರ ಕೈಗೆಟುಕಲಿಲ್ಲ. ಅವರನ್ನು ನೆನೆದಾಗ ನನಗೆ ಆ ದಿನದ ಲಚಮವ್ವನೇ ಕಾಣುತ್ತಾಳೆ, ಬೆರಳಿಗೆ ಸೆರಗು ಸುತ್ತಿಕೊಂಡು.

ಈ ಕಾಗದ ಓದುತ್ತಿರುವವರಲ್ಲಿ ನಾಳೆ ಆಸ್ಪತ್ರೆಗೆ ಹೊರಟವಳು ಒಬ್ಬಳಾದರೂ ಇದ್ದೇ ಇರುತ್ತಾಳೆ. ಮಿಕ್ಕವರು ಆ ಕಡೆ ತಿರುಗಿಕೊಳ್ಳಿ, ನಾನು ಅವಳೊಬ್ಬಳಿಗೆ ಹೇಳಬೇಕು. ಹೋಗು ತಾಯಿ, ಹೋಗಬೇಡ ಅನ್ನುವುದಿಲ್ಲ. ಡಾಕ್ಟರು ನಿನ್ನ ವೈರಿಯಲ್ಲ. ಮಾಡಿಸಿಕೊಳ್ಳಬೇಕಾದದ್ದಿದ್ದರೆ ಮಾಡಿಸಿಕೋ, ತಡ ಮಾಡಬೇಡ. ಆದರೆ ತಿಳಿಯದೆ ತಿಳಿಯಿತು ಅನ್ನಬೇಡ. ಮಾಡದಿದ್ದರೆ ಏನಾಗುತ್ತದೆ, ಬೇರೆ ದಾರಿ ಇದೆಯೇ ಎಂದು ಬಾಯಿಬಿಟ್ಟು ಕೇಳು. ಅವರು ಸಿಡುಕಿದರೆ ಸಿಡುಕಲಿ, ಹೊಟ್ಟೆ ನಿನ್ನದು. ಒಬ್ಬಳೇ ಕೇಳಲು ಹೆದರಿಕೆಯಾದರೆ, ನೀನು ಮಾತು ಬಿಟ್ಟಿರುವವಳೊಬ್ಬಳು ಇರುತ್ತಾಳಲ್ಲ, ಅವಳ ಬಾಗಿಲು ಬಡಿದು ನನ್ನ ಜೊತೆ ಬಾ ಅನ್ನು.

ಬರುತ್ತಾಳೆ. ನಾನಾಗಿದ್ದರೆ ಸೌಟು ಅಲ್ಲೇ ಬಿಟ್ಟು ಬರುತ್ತಿದ್ದೆ.

ನಿಮ್ಮ ಮನೆಯವಳೇ,
ಗುರಸಿದ್ದವ್ವ ಬರಗುಂಡಿ